ಹೊಲದ ಅಂಚಿನ ಹಕ್ಕಲು: ಆಟದ ಪ್ರಸಾರ ಹಕ್ಕಿನ ಕಥೆ



ಭಾರತ ತಂಡ ನಮ್ಮ ನೆಲದಲ್ಲಿ ಆಡುವ ಒಂದು ದಿನದ ಪಂದ್ಯ ಡಿಡಿ ಫ್ರೀ ಡಿಷ್ ಇರುವ ಮನೆಯಲ್ಲಿ ಪುಕ್ಕಟೆ ಕಾಣುತ್ತದೆ. ಪಕ್ಕದ ಮನೆಯವರು ತಿಂಗಳು ತಿಂಗಳು ದುಡ್ಡು ಕಟ್ಟಿ ಕೇಬಲ್ ಹಾಕಿಸಿಕೊಂಡಿರುತ್ತಾರೆ, ಅದರಲ್ಲಿ ಅದೇ ಡಿಡಿ ಚಾನೆಲ್ ಇರುತ್ತದೆ, ಆದರೆ ಪಂದ್ಯ ಇರುವುದಿಲ್ಲ. ದುಡ್ಡು ಕೊಟ್ಟವರಿಗೆ ಇಲ್ಲ, ಕೊಡದವರಿಗೆ ಉಂಟು! ಇದು ಯಾಕೆ ಹೀಗೆ ಎಂದು ನಮ್ಮ ಯುವಕರು ಕೇಳುತ್ತಲೇ ಇರುತ್ತಾರೆ. ಇದಕ್ಕೆ ಉತ್ತರ ಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ನಮ್ಮ ನೆರೆಯಿಂದಲೇ ಶುರು ಮಾಡೋಣ. ಮುರುಮದ ಗಡಿ ದಾಟಿದರೆ ಕಲಬುರಗಿ ಜಿಲ್ಲೆ. 1956ರವರೆಗೆ ಎರಡೂ ಕಡೆಯವರು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದೆವು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತ ಸರ್ಕಾರ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿತು. ಅದಕ್ಕೆ 'ಸೈಟ್' ಪ್ರಯೋಗ ಎಂದು ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಊರಿಗೊಂದು ಟಿವಿ. ಅದು ಯಾರ ಮನೆಯದೂ ಅಲ್ಲ, ಎಲ್ಲರದು. ಸಂಜೆ ಹೊತ್ತು ಊರವರು ಕೂತು ಕನ್ನಡದಲ್ಲಿ ಬೇಸಾಯ, ಆರೋಗ್ಯದ ಕಾರ್ಯಕ್ರಮ ನೋಡುತ್ತಿದ್ದರು. ಅಂದರೆ ನಮ್ಮ ಸೀಮೆಗೆ ಟಿವಿ ಮೊದಲು ಬಂದದ್ದು ಮಾರಾಟದ ವಸ್ತುವಾಗಿ ಅಲ್ಲ, ಊರಿನ ಬಾವಿಯ ಹಾಗೆ ಎಲ್ಲರ ಸೊತ್ತಾಗಿ.

1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟಿವಿ ಬಂತು. ಮರುವರ್ಷ ಜೂನ್ 25ರಂದು ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಿತು. ಆಗ ಇದ್ದದ್ದು ದೂರದರ್ಶನ ಒಂದೇ. ಆಟವನ್ನು ತೋರಿಸಲು ಕ್ರಿಕೆಟ್ ಮಂಡಳಿಗೆ ದುಡ್ಡು ಕೊಡಬೇಕೆಂಬ ಮಾತೇ ಇರಲಿಲ್ಲ. 1991ರಲ್ಲಿ ದಕ್ಷಿಣ ಆಫ್ರಿಕಾ ತಂಡ ಬಹುಕಾಲದ ಬಹಿಷ್ಕಾರ ಮುಗಿಸಿ ಭಾರತಕ್ಕೆ ಬಂದಾಗ, ಅಲ್ಲಿಯವರು ಈ ಪಂದ್ಯಗಳನ್ನು ತಮ್ಮ ದೇಶದಲ್ಲಿ ತೋರಿಸಲು ಹಣ ಕೊಡುತ್ತೇವೆ ಎಂದರು. ಆಟದ ಚಿತ್ರಕ್ಕೂ ಬೆಲೆ ಉಂಟು ಎಂಬುದು ನಮ್ಮ ಮಂಡಳಿಗೆ ಆಗ ಮನದಟ್ಟಾಯಿತು. ಅದೇ ವರ್ಷ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಉಪಗ್ರಹದ ಮೂಲಕ ಬರತೊಡಗಿತ್ತು.

ನಿಜವಾದ ಜಗಳ ಶುರುವಾದದ್ದು 1993ರಲ್ಲಿ. ಆ ವರ್ಷವನ್ನು ಈ ಭಾಗದವರು ಬೇರೆಯೇ ಕಾರಣಕ್ಕೆ ಮರೆಯಲಾರರು. ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳನ್ನು ಮಣ್ಣುಮಾಡಿತು. ಉಮರ್ಗಾ ಕಡೆಯ ಸಾಸ್ತೂರಿನಂಥ ಊರುಗಳೂ ಅದರಲ್ಲಿ ಸೇರಿದ್ದವು. ಸಾವಿರಾರು ಜನ ಸತ್ತರು. ಆ ಸುದ್ದಿಯನ್ನು ದೇಶಕ್ಕೆ ಮುಟ್ಟಿಸಿದ್ದು ಆಕಾಶವಾಣಿ ಮತ್ತು ದೂರದರ್ಶನ. ಆಟ ಹೊತ್ತು ತರುವ ತರಂಗವೇ ದುಃಖದ ಸುದ್ದಿಯನ್ನೂ ಹೊತ್ತು ತರುತ್ತದೆ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಆ ನವೆಂಬರ್‌ನಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆ ತನ್ನ ವಜ್ರಮಹೋತ್ಸವಕ್ಕೆ ಹೀರೋ ಕಪ್ ಪಂದ್ಯಾವಳಿ ಏರ್ಪಡಿಸಿತು. ಪ್ರಸಾರ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶಿ ಸಂಸ್ಥೆಗೆ ಮಾರಿತು. ದೂರದರ್ಶನ ಸಿಟ್ಟಾಯಿತು. ತಾನು ಪ್ರಸಾರ ಮಾಡಬೇಕಾದರೆ ಸಂಸ್ಥೆಯೇ ಪಂದ್ಯಕ್ಕೆ 5 ಲಕ್ಷ ರೂಪಾಯಿ ಕೊಡಬೇಕು ಎಂದಿತು. 1885ರ ಟೆಲಿಗ್ರಾಫ್ ಕಾಯ್ದೆ ತೋರಿಸಿ, ಸರ್ಕಾರದ ಅಪ್ಪಣೆಯಿಲ್ಲದೆ ಯಾರೂ ಆಕಾಶಕ್ಕೆ ಚಿತ್ರ ಕಳಿಸುವಂತಿಲ್ಲ ಎಂದಿತು ಸರ್ಕಾರ. ವಿದೇಶಿ ಸಂಸ್ಥೆಯ ಕ್ಯಾಮೆರಾ ಸಾಮಾನು ಮುಂಬೈಯಲ್ಲಿ ಕಸ್ಟಮ್ಸ್‌ನವರ ವಶವಾಯಿತು. ಜಗಳ ಕಲ್ಕತ್ತಾ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಪಂದ್ಯಗಳು ಮಾತ್ರ ನಡೆದವು. ನವೆಂಬರ್ 27ರ ಫೈನಲ್‌ನಲ್ಲಿ ನಮ್ಮ ಕನ್ನಡಿಗ ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ ಕಿತ್ತು ವೆಸ್ಟ್ ಇಂಡೀಸನ್ನು ಮಲಗಿಸಿದರು. ಆ ಅಂಕಿ ಎಲ್ಲರಿಗೂ ಗೊತ್ತು. ಅದರ ಹಿಂದಿದ್ದ ಮೊಕದ್ದಮೆ ಹೆಚ್ಚಿನವರಿಗೆ ಗೊತ್ತಿಲ್ಲ.

ತೀರ್ಪು ಬಂದದ್ದು 1995ರ ಫೆಬ್ರವರಿ 9ರಂದು. ನ್ಯಾಯಮೂರ್ತಿಗಳಾದ ಪಿ. ಬಿ. ಸಾವಂತ್, ಎಸ್. ಮೋಹನ್, ಬಿ. ಪಿ. ಜೀವನ್ ರೆಡ್ಡಿ ಅವರ ಪೀಠ ಹೇಳಿದ್ದರ ತಿರುಳು ಇಷ್ಟು: ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ. ಅವು ಸರ್ಕಾರದ ಏಕಸ್ವಾಮ್ಯವೂ ಅಲ್ಲ, ದುಡ್ಡಿದ್ದವರ ಸ್ವಂತ ಸೊತ್ತೂ ಅಲ್ಲ. ಜನರ ಹಿತಕ್ಕಾಗಿ ಸ್ವತಂತ್ರ ಸಂಸ್ಥೆಯೊಂದು ಅವುಗಳನ್ನು ನೋಡಿಕೊಳ್ಳಬೇಕು. 1990ರಲ್ಲೇ ಕಾಯ್ದೆಯಾಗಿ ಧೂಳು ತಿನ್ನುತ್ತಿದ್ದ ಪ್ರಸಾರ ಭಾರತಿ ಕೊನೆಗೆ 1997ರಲ್ಲಿ ಜಾರಿಗೆ ಬಂತು.

ಆದರೆ ಬಾಗಿಲು ತೆರೆದ ಮೇಲೆ ಮೊದಲು ನುಗ್ಗಿದ್ದು ಮಾರುಕಟ್ಟೆ. ಅದರ ಬೆಲೆಯನ್ನು ಮೊದಲೇ ಕಂಡವರಲ್ಲಿ ಒಬ್ಬರು ಬೆಂಗಳೂರಿನ ಮಾರ್ಕ್ ಮಸ್ಕರೇನ್ಹಸ್. ಆ ಮನೆತನದ ಹೆಸರು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಚಿರಪರಿಚಿತ. ಅಮೆರಿಕದಲ್ಲಿ ನೆಲೆಸಿ ವರ್ಲ್ಡ್‌ಟೆಲ್ ಎಂಬ ಸಂಸ್ಥೆ ಕಟ್ಟಿದ ಅವರು 1996ರ ವಿಶ್ವಕಪ್ಪಿನ ಪ್ರಸಾರ ಹಕ್ಕನ್ನು ಸುಮಾರು 1 ಕೋಟಿ ಡಾಲರಿಗೆ ಕೊಂಡರು. ಸಚಿನ್ ತೆಂಡೂಲ್ಕರ್ ಜತೆ ಅಲ್ಲಿಯವರೆಗೆ ಯಾವ ಆಟಗಾರನಿಗೂ ಸಿಗದಷ್ಟು ದೊಡ್ಡ ಒಪ್ಪಂದ ಮಾಡಿಕೊಂಡವರೂ ಅವರೇ. 2002ರ ಜನವರಿಯಲ್ಲಿ ನಾಗಪುರದ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಆಮೇಲೆ ಪೈಪೋಟಿ ಜೋರಾಯಿತು. ಇಎಸ್‌ಪಿಎನ್ ಮತ್ತು ಸ್ಟಾರ್ ಸ್ಪೋರ್ಟ್ಸ್ ಒಂದಾದವು. 2002ರಲ್ಲಿ ಟೆನ್ ಸ್ಪೋರ್ಟ್ಸ್ ಬಂತು. 2004ರಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹೋದಾಗ ಹಕ್ಕು ಟೆನ್ ಸ್ಪೋರ್ಟ್ಸ್ ಕೈಯಲ್ಲಿತ್ತು. ಕೇಬಲ್ ಇಲ್ಲದ ಕೋಟ್ಯಂತರ ಮನೆಗಳು ಆ ಸರಣಿ ನೋಡುವುದು ಬೇಡವೇ ಎಂಬ ಪ್ರಶ್ನೆ ಎದ್ದು, ದೂರದರ್ಶನಕ್ಕೂ ಚಿತ್ರ ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಡಿಷ್ ಸೇವೆ ಶುರುವಾಯಿತು. ಒಮ್ಮೆ ಡಿಷ್, ಬಾಕ್ಸ್ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಅದೇ ಇಂದಿನ ಫ್ರೀ ಡಿಷ್.

2006ರಲ್ಲಿ ನಿಂಬಸ್ ಸಂಸ್ಥೆ ನಾಲ್ಕು ವರ್ಷದ ಭಾರತದ ಪಂದ್ಯಗಳಿಗೆ 61.2 ಕೋಟಿ ಡಾಲರ್ ಕೂಗಿ ಹರಾಜು ಗೆದ್ದು, ನಿಯೋ ಸ್ಪೋರ್ಟ್ಸ್ ಚಾನೆಲ್ ತೆರೆಯಿತು. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ದೂರದರ್ಶನಕ್ಕೆ ನೇರ ಚಿತ್ರ ಕೊಡಲು ಅದು ಒಪ್ಪಲಿಲ್ಲ. ಏಳು ನಿಮಿಷ ತಡವಾಗಿ ತೋರಿಸಬಹುದು ಎಂಬ ನಡುದಾರಿ ದೆಹಲಿ ಹೈಕೋರ್ಟಿನಲ್ಲಿ ಸಿಕ್ಕಿತು. ಪಕ್ಕದ ಮನೆಯಲ್ಲಿ ಸಿಕ್ಸರ್‌ಗೆ ಕೇಕೆ ಎದ್ದು ಏಳು ನಿಮಿಷವಾದ ಮೇಲೆ ನಮ್ಮ ಮನೆಯಲ್ಲಿ ಆ ಚೆಂಡು ಎಸೆಯುವುದು! ಸರ್ಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ 2007ರ ಕಡ್ಡಾಯ ಹಂಚಿಕೆ ಕಾಯ್ದೆ ತಂದಿತು. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಘೋಷಿಸಿದ ಪಂದ್ಯಗಳ ನೇರ ಚಿತ್ರವನ್ನು ಹಕ್ಕುದಾರರು ಪ್ರಸಾರ ಭಾರತಿಗೆ ಕೊಡಲೇಬೇಕು. ಟಿವಿ ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ ಕನಿಷ್ಠ 75 ಪಾಲು, ಪ್ರಸಾರ ಭಾರತಿಗೆ 25. ಭಾರತ ಆಡುವ ಒಂದು ದಿನದ ಮತ್ತು ಟಿ-20 ಪಂದ್ಯಗಳು ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ.

ನನಗೆ ಈ ಕಾಯ್ದೆ ಓದಿದಾಗ ಯಾಜಕಕಾಂಡದ ಒಂದು ಕಟ್ಟಳೆ ನೆನಪಾಗುತ್ತದೆ. ಪೈರು ಕೊಯ್ಯುವ ಇಸ್ರಯೇಲಿನ ರೈತ ಹೊಲದ ಅಂಚಿನವರೆಗೂ ಕೊಯ್ಯಬಾರದು, ಬಿದ್ದ ತೆನೆಯನ್ನು ತಿರುಗಿ ಆಯಬಾರದು. ಅದು ಬಡವರಿಗೆ, ಪರದೇಶಿಗಳಿಗೆ ಸೇರಿದ್ದು. ಜೋಳದ ಹೊಲ ಕಂಡ ನಮಗೆ ಹಕ್ಕಲು ಆಯುವುದು ಏನೆಂದು ವಿವರಿಸಬೇಕಿಲ್ಲ. ಮೋವಾಬಿನಿಂದ ಬಂದ ರೂತಳು ಬೋವಜನ ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಯನ್ನು ಸಾಕಿದಳು. ಗಮನಿಸಿ, ಹಕ್ಕಲು ಭಿಕ್ಷೆ ಅಲ್ಲ. ಬೋವಜ ಒಳ್ಳೆಯವನಾಗಿದ್ದ, ನಿಜ. ಆದರೆ ಅವನು ಒಳ್ಳೆಯವನಲ್ಲದಿದ್ದರೂ ಆ ಅಂಚು ರೂತಳದೇ. ಹೊಲದವನ ಸುಗ್ಗಿಯನ್ನು ಕಟ್ಟಳೆ ಕಸಿಯುವುದಿಲ್ಲ. 75 ಪಾಲು ಅವನದೇ. ಅಂಚು ಮಾತ್ರ ಬಿಡು ಎನ್ನುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ರಸಾರ ಭಾರತಿಗೆ ಕೊಟ್ಟ ಚಿತ್ರ ದೂರದರ್ಶನ ಚಾನೆಲ್ ಮೂಲಕ ಎಲ್ಲ ಕೇಬಲ್‌ಗಳಲ್ಲೂ ಬರತೊಡಗಿತು. ಕೋಟಿಗಟ್ಟಲೆ ಕೊಟ್ಟು ಕೊಂಡ ಚಾನೆಲ್‌ಗೆ ಇದರಿಂದ ನಷ್ಟ. ಹಕ್ಕಲು ಆಯ್ದವರ ಬುಟ್ಟಿಯನ್ನು ಮೂರನೆಯವರು ಸಂತೆಗೆ ಒಯ್ದಂತಾಯಿತು ಎಂಬುದು ಅವರ ದೂರು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಈ ವಾದ ಒಪ್ಪಿತು. ಕಾಯ್ದೆಯಲ್ಲಿ ಬರೆದಿರುವುದು ಪ್ರಸಾರ ಭಾರತಿಯ ಭೂಕೇಂದ್ರಗಳು ಮತ್ತು ಅದರದೇ ಡಿಷ್ ಸೇವೆ, ಇವೆರಡೇ. ಆದ್ದರಿಂದ ಕೇಬಲ್‌ನ ಡಿಡಿಯಲ್ಲಿ ಪಂದ್ಯ ಇಲ್ಲ. ಕಾನೂನಿನ ಅಕ್ಷರಕ್ಕೆ ಇದು ಸರಿಯೇ. ಆದರೆ ಕೇಬಲ್ ಉಂಟು, ಕ್ರೀಡಾ ಚಾನೆಲ್‌ಗೆ ಬೇರೆ ದುಡ್ಡಿಲ್ಲ ಎಂಬ ಮನೆಗಳು ನಡುವೆ ಸಿಕ್ಕಿಬಿದ್ದವು.

ಅತ್ತ ಸುಗ್ಗಿ ಮಾತ್ರ ಬೆಳೆಯುತ್ತಲೇ ಹೋಯಿತು. 2017ರ ಸೆಪ್ಟೆಂಬರ್‌ನಲ್ಲಿ ಐಪಿಎಲ್‌ನ ಐದು ವರ್ಷದ ಹಕ್ಕು ಸ್ಟಾರ್‌ಗೆ 16,347.5 ಕೋಟಿ ರೂಪಾಯಿಗೆ ಹೋಯಿತು. 2022ರ ಜೂನ್‌ನಲ್ಲಿ ಮುಂದಿನ ಐದು ವರ್ಷಕ್ಕೆ 48,390 ಕೋಟಿ. 410 ಪಂದ್ಯಗಳಿಗೆ ಹಂಚಿದರೆ ಪಂದ್ಯಕ್ಕೆ ಸುಮಾರು 118 ಕೋಟಿ. ತೋರಿಸಬೇಕಾದರೆ ನೀವೇ 5 ಲಕ್ಷ ಕೊಡಿ ಎಂದ 1993ರಿಂದ ಇಲ್ಲಿಗೆ ಮೂವತ್ತು ವರ್ಷವೂ ಆಗಿರಲಿಲ್ಲ. ಈ ಹಣದಿಂದ ಒಳ್ಳೆಯದೇ ಆಗಿಲ್ಲ ಎನ್ನಲಾಗದು. 2023ರಲ್ಲಿ ಹೆಣ್ಣುಮಕ್ಕಳ ಲೀಗ್‌ಗೆ 951 ಕೋಟಿ ಬಂತು. ಕನ್ನಡದಲ್ಲೇ ವಿವರಣೆ ಕೇಳುವ ಕ್ರೀಡಾ ಚಾನೆಲ್ ಕೂಡ ಈ ಪೈಪೋಟಿಯ ಫಲ. ಆದರೆ ಆ ಕೋಟಿಗಳು ಆಕಾಶದಿಂದ ಉದುರಲಿಲ್ಲ. ಜಾಹೀರಾತು ನೋಡುವ ನಮ್ಮ ಕಣ್ಣು, ರೀಚಾರ್ಜ್ ಮಾಡುವ ನಮ್ಮ ಮನೆಯವರ ಕೂಲಿ, ಎರಡೂ ಅದರಲ್ಲಿವೆ.

ಈಗ ಹೊಲವೇ ಬೇರೆ ಕಡೆಗೆ ಸರಿಯುತ್ತಿದೆ. ಯುವಕರು ಪಂದ್ಯ ನೋಡುವುದು ಮೊಬೈಲಿನಲ್ಲಿ. 2023ರಲ್ಲಿ ಐಪಿಎಲ್ ಮೊಬೈಲಿಗೆ ಪುಕ್ಕಟೆ ಬಂತು. 2024ರ ನವೆಂಬರ್‌ನಲ್ಲಿ ಹರಾಜಿನ ಎದುರಾಳಿಗಳಾಗಿದ್ದ ವಯಾಕಾಮ್18 ಮತ್ತು ಸ್ಟಾರ್ ಒಂದೇ ಮನೆಯಾದವು. ಈಗ ಅಲ್ಲೂ ಚಂದಾ ಬಂದಿದೆ. 2007ರ ಕಾಯ್ದೆ ಹೇಳುವ ಅಂಚು ಇರುವುದು ಭೂಕೇಂದ್ರ ಮತ್ತು ಡಿಷ್‌ನಲ್ಲಿ ಮಾತ್ರ. ಮೊಬೈಲಿನ ಹೊಲಕ್ಕೆ ಅಂಚೇ ಗುರುತಾಗಿಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸಮೂಹ ಮಾಧ್ಯಮಗಳ ಬಗ್ಗೆ ಪ್ರತ್ಯೇಕ ಆಜ್ಞಾಪತ್ರ ಹೊರಡಿಸಿ, ಅವು ಎಲ್ಲರ ಒಳಿತಿಗೆ ದುಡಿಯಬೇಕೆಂದು ಕೇಳಿತು. ಆಟ ನೋಡುವುದು ಅನ್ನದಷ್ಟು ದೊಡ್ಡ ವಿಷಯವಲ್ಲ, ಒಪ್ಪುತ್ತೇನೆ. ಆದರೆ ಇಡೀ ದೇಶ ಒಟ್ಟಿಗೆ ನಗುವ, ಅಳುವ ಹೊತ್ತು ಹೆಚ್ಚೇನಿಲ್ಲ. ಕೂಲಿಯವನ ಮಗನೂ ಆ ಹೊತ್ತಿನಲ್ಲಿ ನಮ್ಮ ಜತೆ ಇರಬೇಕಲ್ಲವೇ?

ಮುಂದಿನ ಭಾನುವಾರ ಬಲಿಪೂಜೆಯ ನಂತರ ಯುವಕೂಟದಲ್ಲಿ ಎರಡು ಪ್ರಶ್ನೆ ಎತ್ತಿಕೊಳ್ಳೋಣ. ಮೊಬೈಲಿಗೂ ಹಕ್ಕಲಿನ ಕಟ್ಟಳೆ ಬೇಕೇ? ಬೇಕೆಂದರೆ ಹಕ್ಕುದಾರರಿಗೆ ಅನ್ಯಾಯವಾಗದಂತೆ ಅದನ್ನು ಹೇಗೆ ಬರೆಯಬಹುದು? ಯೋಚಿಸಿಕೊಂಡು ಬನ್ನಿ. ದೇವರು ನಿಮ್ಮನ್ನು ಆಶೀರ್ವದಿಸಲಿ.