ಅರವತ್ತೇಳರ ಕಥೆ

ಈ ಸಲ ಯುಗಾದಿ ಊಟದಲ್ಲಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಮಿತ್ರರೊಬ್ಬರು ನನ್ನ ಕಡೆ ತಿರುಗಿ, "ಡಾಕ್ಟರೇ, ಕಿತ್ತಳೆ ಲಕೋಟೆ ನೋಡಿದಿರಾ? ಅರವತ್ತೇಳರ ತನಕ ದುಡಿಯಬೇಕಂತೆ! ನಮ್ಮಪ್ಪ ಐವತ್ತೆಂಟಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬಂದಿದ್ದರು" ಎಂದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಕ್ಕವರಲ್ಲಿ ಹೆಚ್ಚಿನವರು ಐವತ್ತು ದಾಟಿದವರೇ. ನಮ್ಮ ಸಂಪಾದಕರೂ ಅಲ್ಲೇ ಇದ್ದರು. ಇದನ್ನೇ ಬರೆದುಕೊಡಿ ಎಂದು ಅಂದಿನಿಂದ ಬೆನ್ನು ಹತ್ತಿದ್ದಾರೆ. ನಾನು ಇತಿಹಾಸಕಾರನಲ್ಲ, ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದಿ ಇಲ್ಲಿಗೆ ಬಂದು ಮತ್ತೆ ವಿದ್ಯಾರ್ಥಿಯಾದ ಒಬ್ಬ ವೈದ್ಯ. ಆದರೆ ದಿನವೂ ನೋಡುವ ರೋಗಿಗಳಲ್ಲಿ ಎಂಬತ್ತು ದಾಟಿದವರೇ ಹೆಚ್ಚಾಗಿರುವುದರಿಂದ ಈ ಅರವತ್ತೇಳು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಹುಡುಕುವ ಚಪಲ ನನಗೂ ಇತ್ತು.

ಹೊಸದಾಗಿ ಬಂದ ಕುಟುಂಬಗಳಿಗಾಗಿ ಒಂದು ಮಾತು. ನಮ್ಮ ಹೆಸರಿನಲ್ಲಿ ಎಷ್ಟು ಪಿಂಚಣಿ ಕೂಡಿದೆ ಎಂದು ತಿಳಿಸುವ ಕಿತ್ತಳೆ ಬಣ್ಣದ ಲಕೋಟೆ 1999ರಿಂದ ವರ್ಷಕ್ಕೊಮ್ಮೆ ಬರುತ್ತದೆ. ಈಗ ಹಲವರಿಗೆ ಕಂಪ್ಯೂಟರಿನಲ್ಲೇ ಬರುತ್ತದೆ. ತೆರೆಯದೆ ಡ್ರಾಯರಿಗೆ ಸೇರಿಸುವವರು ನಮ್ಮಲ್ಲಿ ಎಷ್ಟು ಮಂದಿ ಎಂದು ನಾನು ಕೇಳುವುದಿಲ್ಲ.

ಸ್ವೀಡನ್ ದೇಶಕ್ಕೆ ತನ್ನ ಜನರ ಆಯುಸ್ಸನ್ನು ಎಣಿಸುವ ಹುಚ್ಚು ಬಹಳ ಹಿಂದಿನದು. ಹುಟ್ಟು, ಮದುವೆ, ಸಾವುಗಳನ್ನು ಪಾದ್ರಿಗಳು ಬರೆದಿಡಬೇಕು ಎಂದು 1686ರ ಚರ್ಚ್ ಕಾನೂನು ಹೇಳಿತ್ತು. 1749ರಿಂದ ಅವೆಲ್ಲವನ್ನೂ ಒಟ್ಟುಗೂಡಿಸುವ ಟಬೆಲ್‌ವೆರ್ಕೆಟ್ ಎಂಬ ವ್ಯವಸ್ಥೆ ಬಂತು. ಇಡೀ ದೇಶದ ಜನಸಂಖ್ಯೆಯ ಲೆಕ್ಕ ಅಂದಿನಿಂದ ಇಂದಿನವರೆಗೆ ಕಡಿಯದೆ ಸಿಗುವುದು ಇಲ್ಲಿಯೇ. ಮೊದಲ ಎಣಿಕೆ ಮುಗಿದಾಗ ದೊರೆಗಳಿಗೆ ಗಾಬರಿಯಾಯಿತು. ಇಂದಿನ ಗಡಿಯೊಳಗೆ ಹದಿನೆಂಟು ಲಕ್ಷ ಜನರೂ ಇರಲಿಲ್ಲ! ಶತ್ರುಗಳಿಗೆ ತಿಳಿದೀತೆಂದು ಆ ಸಂಖ್ಯೆಯನ್ನು ರಾಜ್ಯದ ಗುಟ್ಟಾಗಿ ಇಟ್ಟರು. ಪೇರ್ ವಾರ್ಗೆಂಟಿನ್ ಎಂಬ ಖಗೋಳ ವಿಜ್ಞಾನಿ ಗುರುಗ್ರಹದ ಉಪಗ್ರಹಗಳನ್ನು ನೋಡುವುದರ ಜೊತೆಗೆ ಈ ಪಾದ್ರಿಗಳ ಪಟ್ಟಿಗಳನ್ನೂ ನೋಡಿದರು. ಗಂಡು ಹೆಣ್ಣು ಬೇರೆ ಬೇರೆಯಾಗಿ ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆ ಎಂಬ ಅವರ ಕೋಷ್ಟಕ 1766ರಲ್ಲಿ ಹೊರಬಂತು.

ಆ ಕಾಲದ ಸರಾಸರಿ ಆಯುಸ್ಸು ಗಂಡಸರಿಗೆ ಸುಮಾರು 34, ಹೆಂಗಸರಿಗೆ 37. ಇದನ್ನು ಕೇಳಿದ ಕೂಡಲೇ ಆಗ ಮುದುಕರೇ ಇರಲಿಲ್ಲ ಎಂದುಕೊಳ್ಳಬಾರದು. ಹುಟ್ಟಿದ ಐದು ಕೂಸುಗಳಲ್ಲಿ ಒಂದು ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಹೋಗುತ್ತಿತ್ತು. ಸರಾಸರಿಯನ್ನು ಕೆಳಗೆ ಎಳೆದದ್ದು ಆ ತೊಟ್ಟಿಲುಗಳು. ನಮ್ಮ ಅಜ್ಜಿಯರನ್ನು ಎಷ್ಟು ಹೆತ್ತಿರಿ ಎಂದು ಕೇಳಿದರೆ "ಹತ್ತು ಹೆತ್ತೆ, ಆರು ಉಳಿದವು" ಎನ್ನುತ್ತಿರಲಿಲ್ಲವೇ? ಅದೇ ಲೆಕ್ಕ.

ಮುಂದೆ ಜನಸಂಖ್ಯೆ ಏರಿದ್ದಕ್ಕೆ ಕವಿಯೂ ಬಿಷಪ್ಪರೂ ಆಗಿದ್ದ ಎಸಾಯಸ್ ಟೆಂಗ್ನೇರ್ ಶಾಂತಿ, ಲಸಿಕೆ, ಆಲೂಗಡ್ಡೆ ಎಂಬ ಮೂರು ಕಾರಣ ಕೊಟ್ಟದ್ದನ್ನು ಇಲ್ಲಿನ ಶಾಲೆಯ ಮಕ್ಕಳೂ ಬಲ್ಲರು. ಸಿಡುಬಿನ ಲಸಿಕೆ ಇಲ್ಲಿ ಕಡ್ಡಾಯವಾದದ್ದು 1816ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಅದು ಮೈಸೂರಿನ ಅರಮನೆ ಮುಟ್ಟಿತ್ತು! ಸುಮಾರು 1805ರ ಒಂದು ವರ್ಣಚಿತ್ರದಲ್ಲಿ ಸೀರೆ ಸರಿಸಿ ತೋಳು ತೋರಿಸುತ್ತಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದೂ, ಜನರ ಹೆದರಿಕೆ ಕಳೆಯಲೆಂದೇ ಅದನ್ನು ಬರೆಸಿದ್ದೆಂದೂ ಇತಿಹಾಸಕಾರರು ಗುರುತಿಸಿದ್ದಾರೆ.

ಇನ್ನು ವಯಸ್ಸಾದವರ ವಿಷಯ. ಮುದುಕರನ್ನು ಬಂಡೆಯ ಮೇಲಿಂದ ತಳ್ಳುತ್ತಿದ್ದ ಜಾಗ ಎಂದು ಕೆಲವು ಊರುಗಳಲ್ಲಿ ಎಟ್ಟೆಸ್ಟೂಪಾ ತೋರಿಸುತ್ತಾರೆ. ಅದು ಹಳೆಯ ಐಸ್‌ಲ್ಯಾಂಡಿನ ಒಂದು ಕಥೆಯಿಂದ ಬಂದ ಕಟ್ಟುಕಥೆ, ಆಧಾರವಿಲ್ಲ. ನಿಜ ಸಂಗತಿ ಅಷ್ಟು ಭಯಂಕರವಲ್ಲ, ಆದರೆ ಅಷ್ಟೇನೂ ಚೆನ್ನಾಗಿಯೂ ಇರಲಿಲ್ಲ. ಜಮೀನಿದ್ದ ರೈತ ಮಗನಿಗೆ ಆಸ್ತಿ ಬರೆದುಕೊಡುವಾಗ ಪತ್ರ ಮಾಡಿಸುತ್ತಿದ್ದ: ತನಗೂ ಹೆಂಡತಿಗೂ ವಾಸಕ್ಕೆ ಇಷ್ಟು ಜಾಗ, ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಸೌದೆ. ಇದಕ್ಕೆ ಉಂಡಾನ್‌ಟಾಗ್ ಎಂದು ಹೆಸರು. ಸ್ವಂತ ಮಗನೊಂದಿಗೆ ಹಾಲಿನ ಲೆಕ್ಕಕ್ಕೂ ಕರಾರು! ಈ ದೇಶದಲ್ಲಿ ಕುಟುಂಬಪ್ರೇಮ ಇದ್ದದ್ದು ಆಮೇಲೆ ಕೆಟ್ಟಿತು ಎಂದು ನಮ್ಮಲ್ಲಿ ಕೆಲವರು ಹೇಳುವಾಗ ನನಗೆ ಈ ಪತ್ರಗಳ ನೆನಪಾಗುತ್ತದೆ. ಜಮೀನಿಲ್ಲದವರ ಪಾಡು ಇನ್ನೂ ಕಷ್ಟ. ಅವರನ್ನು ವಾರಾನ್ನದ ಹುಡುಗರಂತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಸರದಿಯಲ್ಲಿ ಕಳಿಸುತ್ತಿದ್ದರು. ಕೆಲವೆಡೆ ಹರಾಜು ಹಾಕಿ, ಅತಿ ಕಡಿಮೆ ಹಣಕ್ಕೆ ನೋಡಿಕೊಳ್ಳುತ್ತೇನೆ ಎಂದವರಿಗೆ ಒಪ್ಪಿಸುತ್ತಿದ್ದರು. ಇವೆರಡನ್ನೂ ಕಾನೂನು ನಿಲ್ಲಿಸಿದ್ದು 1918ರಲ್ಲಿ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಸುಮಾರು 1930ರ ತನಕ ಹನ್ನೆರಡು ಲಕ್ಷಕ್ಕೂ ಹೆಚ್ಚು ಸ್ವೀಡಿಷರು ಅಮೆರಿಕಕ್ಕೆ ಹೊರಟುಹೋದರು. ಹೋದವರು ಹರೆಯದವರು, ಉಳಿದವರು ಅವರ ತಂದೆತಾಯಿ. ಸ್ಮೋಲಾಂಡಿನ ಕಲ್ಲುನೆಲದ ಹಳ್ಳಿಗಳಲ್ಲಿ ಮುದುಕರೇ ತುಂಬಿಕೊಂಡರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಯೂರೋಪಿನಲ್ಲಿ ವೃದ್ಧರ ಪಾಲು ಅತಿ ಹೆಚ್ಚಾಗಿದ್ದ ದೇಶಗಳಲ್ಲಿ ಇದೂ ಒಂದಾಗಿತ್ತು. ಮಿನ್ನೆಸೋಟಾದಿಂದ ಕಾಗದ ಬರುತ್ತಿತ್ತು, ಕೆಲವೊಮ್ಮೆ ಡಾಲರೂ ಬರುತ್ತಿತ್ತು, ಮಗ ಮಾತ್ರ ಬರುತ್ತಿರಲಿಲ್ಲ. ಇದನ್ನು ಓದುವಾಗ ನನಗೆ ಸ್ಮೋಲಾಂಡ್ ಕಾಣಲಿಲ್ಲ. ಧಾರವಾಡದ ನಮ್ಮ ಮನೆಯ ಜಗಲಿ ಕಂಡಿತು. ಅಮ್ಮನಿಗೆ ಈಗ ಎಂಬತ್ತೆರಡು. ಭಾನುವಾರ ವಿಡಿಯೋ ಕರೆಯಲ್ಲಿ ಅವಳು ಹಣೆಯನ್ನಷ್ಟೇ ತೋರಿಸುತ್ತಾಳೆ, ಫೋನು ಹಿಡಿಯುವುದು ಇನ್ನೂ ಸರಿಯಾಗಿ ಬಂದಿಲ್ಲ.

ಮುದುಕರನ್ನು ಸಾಕುವ ಹೊರೆ ಹೊತ್ತ ಹಳ್ಳಿಗಳ ಕಷ್ಟವೂ ಸೇರಿ 1913ರಲ್ಲಿ ಸ್ವೀಡಿಷ್ ಸಂಸತ್ತು ಹೆಚ್ಚುಕಡಿಮೆ ಎಲ್ಲ ಪ್ರಜೆಗಳಿಗೂ ಅನ್ವಯಿಸುವ ಪಿಂಚಣಿ ಕಾನೂನು ಮಾಡಿತು. ಜರ್ಮನಿಯ ಬಿಸ್ಮಾರ್ಕ್ 1889ರಲ್ಲೇ ಮಾಡಿದ್ದರೂ ಅದು ಕೂಲಿ ಸಂಬಳದವರಿಗೆ, ವಯಸ್ಸು 70. ಸ್ವೀಡನ್ ಇಟ್ಟ ವಯಸ್ಸು 67. ನಮ್ಮ ಮಿತ್ರರ ಒಬ್ಬಟ್ಟು ಕಹಿ ಮಾಡಿದ ಸಂಖ್ಯೆ ಇದೇ. ಆಗಿನ ಸರಾಸರಿ ಆಯುಸ್ಸು 57ರ ಆಸುಪಾಸು. ಹಣವೂ ಅತ್ಯಲ್ಪ. ಅದರಲ್ಲೂ ಅಷ್ಟೇ ವಂತಿಗೆ ಕಟ್ಟಿದ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಕೊಟ್ಟರು, ಅವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದೂ ಅದಕ್ಕೊಂದು ಕಾರಣ. ಹೆಚ್ಚು ಬದುಕಿದ್ದೇ ತಪ್ಪಾಯಿತು! ಇಂದು ಇಬ್ಬರಿಗೂ ಒಂದೇ ಲೆಕ್ಕ.

ಅಲ್ಲಿಂದ ಮುಂದಿನದು ಬೇಗ ಹೇಳಬಹುದು. 1948ರಿಂದ ಎಲ್ಲರಿಗೂ ಸಮನಾದ ಫೋಲ್ಕ್‌ಪೆನ್ಶನ್ ಬಂತು. ಸಂಬಳಕ್ಕೆ ತಕ್ಕ ಎ.ಟಿ.ಪಿ. ಪಿಂಚಣಿ 1959ರಲ್ಲಿ 115ಕ್ಕೆ 114, ಒಂದೇ ಒಂದು ಮತದ ಅಂತರದಲ್ಲಿ ಪಾಸಾಯಿತು. 1976ರಲ್ಲಿ ವಯಸ್ಸು 67ರಿಂದ 65ಕ್ಕೆ ಇಳಿಯಿತು. ಇಳಿದ ಆ ದಿನಗಳಲ್ಲೇ ಆಯುಸ್ಸು ಏರುತ್ತಿತ್ತು. ಹಿಂದೆ ಉಳಿದದ್ದು ಕೂಸುಗಳು, ಈಗ ಉಳಿಯುತ್ತಿರುವುದು ಅಜ್ಜಂದಿರು. ಹೃದಯಾಘಾತವಾದವರು ವಾರಗಟ್ಟಲೆ ಮಲಗುತ್ತಿದ್ದ ಕಾಲ ಹೋಗಿ, ಸ್ಟೆಂಟ್ ಹಾಕಿಸಿಕೊಂಡು ಕೆಲವೇ ದಿನದಲ್ಲಿ ಮನೆಗೆ ನಡೆಯುವ ಕಾಲ ಬಂತು. 1913ರಲ್ಲಿ 65 ಮುಟ್ಟಿದವರ ಮುಂದೆ ಸುಮಾರು 13 ವರ್ಷಗಳಿದ್ದವು. ಇಂದು ಗಂಡಸರಿಗೆ 19-20, ಹೆಂಗಸರಿಗೆ 22ರ ಹತ್ತಿರ. ಜನರಲ್ಲಿ ಐವರಿಗೊಬ್ಬರು 65 ದಾಟಿದವರು.

ಹಾಗಾಗಿ 1990ರ ದಶಕದಲ್ಲಿ ಪಕ್ಷಭೇದ ಮರೆತು ಎಲ್ಲವನ್ನೂ ಮತ್ತೆ ಕಟ್ಟಿದರು. 1999ರಿಂದ ಬಂದ ಪದ್ಧತಿಯಲ್ಲಿ ನಾವು ಕೂಡಿಸಿದ ಮೊತ್ತವನ್ನು ನಮ್ಮ ವಯಸ್ಸಿನವರು ಇನ್ನೆಷ್ಟು ವರ್ಷ ಬದುಕುತ್ತಾರೋ ಅದರಿಂದ ಭಾಗಿಸುತ್ತಾರೆ. ಸರ್ಕಾರ ಖಾತರಿಯಾಗಿ ಕೊಡುವ ಪಿಂಚಣಿಯ ವಯಸ್ಸು 2023ರಲ್ಲಿ 66 ಆಯಿತು, 2026ರಿಂದ 67. ನೂರು ವರ್ಷ ಸುತ್ತಿ ಮತ್ತೆ ಅಲ್ಲಿಗೇ! ಇನ್ನು ಮುಂದೆ ಆಯುಸ್ಸು ಮೂರು ವರ್ಷ ಹೆಚ್ಚಾದರೆ ಈ ವಯಸ್ಸು ಎರಡು ವರ್ಷ ಏರುತ್ತದೆ. ಎರಡು ದುಡಿಮೆಗೆ, ಒಂದು ವಿಶ್ರಾಂತಿಗೆ. ನಮ್ಮ ಪೀಳಿಗೆಗೆ ಅದು 67ಕ್ಕೇ ನಿಲ್ಲುವ ಭರವಸೆಯಿಲ್ಲ.

ಇದು ನ್ಯಾಯವೇ? ನಾನು ಎಪ್ಪತ್ತರ ತನಕವೂ ಸ್ಟೆತಾಸ್ಕೋಪ್ ಹಿಡಿಯಬಲ್ಲೆ. ವಿಶ್ವೇಶ್ವರಯ್ಯನವರು ಸರ್ಕಾರಿ ನೌಕರಿಯಿಂದ ನಿವೃತ್ತರಾದದ್ದು 1908ರಲ್ಲಿ, ದಿವಾನರಾದದ್ದು 1912ರಲ್ಲಿ, ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯ ಪುಸ್ತಕ ಬರೆದದ್ದು 1934ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಎ.ಎನ್. ಮೂರ್ತಿರಾಯರು 'ದೇವರು' ಪ್ರಕಟಿಸಿದಾಗ ಅವರಿಗೆ ತೊಂಬತ್ತೊಂದು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಇವರಿಬ್ಬರು ಸುಳ್ಳು ಮಾಡಿದರು, ಒಪ್ಪೋಣ. ಆದರೆ ನಮ್ಮ ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ದಾದಿಯ ಭುಜ ಅರವತ್ತಕ್ಕೇ ಸವೆದಿರುತ್ತದೆ. ಕಾಲೇಜು ಓದಿದವರಿಗೂ ಶಾಲೆಗೇ ನಿಲ್ಲಿಸಿದವರಿಗೂ ಈ ದೇಶದಲ್ಲೂ ಆಯುಸ್ಸಿನಲ್ಲಿ ಐದಾರು ವರ್ಷದ ಅಂತರವಿದೆ. ಒಂದೇ 67 ಇಬ್ಬರಿಗೂ ಒಂದೇ ಅಲ್ಲ. ಲೆಕ್ಕ ಮಾಡಿದವರು ಮೇಜಿನ ಮುಂದೆ ಕುಳಿತು ದುಡಿಯುವವರು ಎಂಬುದು ನನ್ನ ಗುಮಾನಿ.

ನಮ್ಮಂತಹವರಿಗೆ ಇನ್ನೊಂದು ಲೆಕ್ಕವಿದೆ. ಖಾತರಿ ಪಿಂಚಣಿ ಪೂರ್ತಿ ಸಿಗಲು ಇಲ್ಲಿ 40 ವರ್ಷ ವಾಸವಿರಬೇಕು. ಮೂವತ್ತೈದಕ್ಕೆ ಬಂದವರು ಎಣಿಸಿ ನೋಡಿ. ಭಾರತ ಮತ್ತು ಸ್ವೀಡನ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2014ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಊರಿನಲ್ಲಿ ಪ್ರಾವಿಡೆಂಟ್ ಫಂಡ್ ಕಟ್ಟಿದ್ದವರು ಹಳೆಯ ಕಾಗದ ಎಸೆಯಬೇಡಿ.

ಊರಿನದೂ ಚಿಂತೆಯೇ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಸ್ಸು 32ರ ಸುಮಾರು. ಕರ್ನಾಟಕದಲ್ಲಿ ಈಗ 70ರ ಹತ್ತಿರ, ಅಂದರೆ ಸ್ವೀಡನ್ 1950ರಲ್ಲಿ ಇದ್ದ ಜಾಗ. ಆದರೆ ಆ ಹೊತ್ತಿಗೆ ಇಲ್ಲಿ ಎಲ್ಲರಿಗೂ ಪಿಂಚಣಿ ಇತ್ತು. ಅಲ್ಲಿ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಹಣ ಔಷಧಿ ಅಂಗಡಿಯ ಬಿಲ್ಲಿಗೂ ಸಾಲದು. ಅದೇ 2007ರಲ್ಲಿ ಭಾರತ ತಂದೆತಾಯಿಯನ್ನು ಮಕ್ಕಳು ಸಾಕಲೇಬೇಕು ಎಂಬ ಕಾನೂನು ತಂದಿತು. ಸ್ವೀಡನ್ ಅದೇ ಹೊಣೆಯನ್ನು ಮಕ್ಕಳ ತಲೆಯಿಂದ ಹಂತಹಂತವಾಗಿ ಇಳಿಸಿ, 1979ರ ಹೊತ್ತಿಗೆ ಪೂರ್ತಿ ತೆಗೆದುಹಾಕಿತ್ತು. 1992ರಿಂದ ವೃದ್ಧರ ಆರೈಕೆಯ ಹೊಣೆ ಊರಿನ ಕಮ್ಯೂನ್‌ನದು. ಹೊಣೆ ಹೊತ್ತ ಕೈಗಳು ಎಷ್ಟು ಸೋತಿದ್ದವು ಎಂಬುದನ್ನು 2020ರ ಕೊರೋನಾ ತೋರಿಸಿತು. ವೃದ್ಧಾಶ್ರಮಗಳನ್ನು ಕಾಪಾಡಲು ಆಗಲಿಲ್ಲವೆಂದು ಸರ್ಕಾರವೇ ನೇಮಿಸಿದ ಆಯೋಗ ಹೇಳಿತು.

ಕೊನೆಯದಾಗಿ, ನಾನು ಬರೆಯಬೇಕೆಂದಿದ್ದ ಮುಖ್ಯ ವಿಷಯ. 1960ರ ದಶಕದಲ್ಲಿ ಫಿನ್‌ಲ್ಯಾಂಡಿನಿಂದ ಇಲ್ಲಿನ ಕಾರ್ಖಾನೆಗೆ ಬಂದ ಒಬ್ಬ ಅಜ್ಜಿ ನನ್ನ ರೋಗಿಯಾಗಿದ್ದರು. ಮರೆವಿನ ಕಾಯಿಲೆಯಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಹೋಗುವುದುಂಟು. ಐವತ್ತು ವರ್ಷ ಆಡಿದ ಸ್ವೀಡಿಷ್ ಅವರಿಗೆ ಪೂರ್ತಿ ಹೋಗಿತ್ತು. ಊಟ ಬಿಟ್ಟಿದ್ದರು, ಮುಟ್ಟಿದರೆ ಕೂಗುತ್ತಿದ್ದರು. ಫಿನ್ನಿಷ್ ಬಲ್ಲ ದಾದಿಯೊಬ್ಬಳು ರಾತ್ರಿ ಪಾಳಿಗೆ ಬಂದು ಎರಡು ಮಾತಾಡಿದಳು, ಅಜ್ಜಿ ಗಂಜಿ ಕುಡಿದರು. ಫಿನ್ನಿಷ್ ಭಾಷಿಕರು ಹೋರಾಡಿ, ಹಲವು ಕಮ್ಯೂನ್‌ಗಳಲ್ಲಿ ತಮ್ಮ ಭಾಷೆಯಲ್ಲೇ ಆರೈಕೆ ಪಡೆಯುವ ಹಕ್ಕನ್ನು 2010ರಿಂದ ಜಾರಿಯಾದ ಕಾನೂನಿನಲ್ಲಿ ಪಡೆದಿದ್ದಾರೆ. ಕನ್ನಡಕ್ಕೆ ಅಂಥ ಕಾನೂನು ಬರುವುದಿಲ್ಲ, ನಾವು ಬಹಳ ಕಡಿಮೆ ಜನ.

ಅದಕ್ಕೇ ಒಂದು ಹಾಳೆ ತಯಾರಿಸಿದ್ದೇನೆ. ನೋವು, ನೀರು, ಬಿಸಿ, ಸಾಕು, ಬಚ್ಚಲಿಗೆ, ಹೆದರಬೇಡಿ, ಮಗಳು ಬರುತ್ತಾಳೆ ಎಂಬಂಥ ನಲವತ್ತು ಮಾತುಗಳು, ಎದುರಿಗೆ ಸ್ವೀಡಿಷ್ ಉಚ್ಚಾರದಲ್ಲಿ. ಹಾಸಿಗೆಯ ಪಕ್ಕ ಅಂಟಿಸಬಹುದು. ಧಾರವಾಡದ ಕಡೆಯ ಮಾತು ಹೆಚ್ಚಾಗಿದೆ ಎಂದು ನನ್ನ ಹೆಂಡತಿಯ ಆಕ್ಷೇಪಣೆ, ಅವಳು ತೀರ್ಥಹಳ್ಳಿಯವಳು. ಮಂಗಳೂರು, ಮೈಸೂರು, ಕಲಬುರಗಿ ಕಡೆಯವರು ತಮ್ಮ ಮನೆಯ ಮಾತು ಸೇರಿಸಿ ಮುಂದಿನ ಸಭೆಗೆ ತನ್ನಿ. ಜೆರಾಕ್ಸ್ ಮಾಡಿಸುವ ಖರ್ಚು ನನ್ನದು.