ಒಡೆದ ಮನೆ, ಉಳಿದ ವಾಗ್ದಾನ: ಕಮಠಾಣದ ನೆಲದಲ್ಲಿ ಆದಿಕಾಂಡದ ಓದು

ಬೀದರ್ ತಾಲ್ಲೂಕಿನ ಕಮಠಾಣದಲ್ಲಿ ಪಾರ್ಶ್ವನಾಥ ಬಸದಿಯಿದೆ. ಜೈನ ತೀರ್ಥಂಕರ ಪಾರ್ಶ್ವನಾಥನ ಭವಾವಳಿ, ಅಂದರೆ ಜನ್ಮಗಳ ಸರಣಿ, ಶುರುವಾಗುವುದೇ ಅಣ್ಣತಮ್ಮಂದಿರ ಹಗೆಯಿಂದ. ತಮ್ಮ ಮರುಭೂತಿಯ ಹೆಂಡತಿಯ ಮೇಲೆ ಕಣ್ಣು ಹಾಕಿದ ಕಮಠ ರಾಜನಿಂದ ಗಡೀಪಾರಾಗುತ್ತಾನೆ. ಕ್ಷಮೆ ಕೇಳಲು ಬಂದ ತಮ್ಮನನ್ನೇ ಕಲ್ಲು ಎತ್ತಿಹಾಕಿ ಕೊಲ್ಲುತ್ತಾನೆ. ವೈರ ಜನ್ಮಜನ್ಮಾಂತರಕ್ಕೆ ಬೆನ್ನು ಹತ್ತುತ್ತದೆ. 13ನೆಯ ಶತಮಾನದಲ್ಲಿ ಪಾರ್ಶ್ವಪಂಡಿತ ಈ ಪುರಾಣವನ್ನು ಕನ್ನಡದಲ್ಲಿ ಬರೆದ.

ಇದೇ ಜಿಲ್ಲೆಯ ಮೆಥೋಡಿಸ್ಟ್ ಸಭೆಗಳು ಓದುವ ಬೈಬಲಿನ ಆದಿಕಾಂಡವೂ ಒಡಹುಟ್ಟಿದವರ ಜಗಳಗಳ ಗ್ರಂಥವೇ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಪೂರ್ಣ ಕನ್ನಡ ಬೈಬಲ್ 1831ರ ಹೊತ್ತಿಗೆ ಸಿದ್ಧವಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರಿನಲ್ಲಿ ಮೆಥೋಡಿಸ್ಟ್ ಮಿಷನ್ ನೆಲೆಯೂರಿದ್ದು ಆ ಶತಮಾನದ ಕೊನೆಗೆ.

ಆದಿಕಾಂಡದಲ್ಲಿ ದೇವರ ನಂಬಿಗಸ್ತಿಕೆಯನ್ನು ಯೋಸೇಫನ ಏಳಿಗೆಯಲ್ಲಿ ಕಾಣುವುದು ವಾಡಿಕೆ. ನನ್ನ ಮಟ್ಟಿಗೆ ಅದು ಅವನ ಅಣ್ಣ ಯೆಹೂದನಲ್ಲೇ ಹೆಚ್ಚು ನಿಚ್ಚಳ. ತಮ್ಮ ಯೋಸೇಫನನ್ನು ಮಾರಿಬಿಡೋಣ ಎಂದವನು ಯೆಹೂದನೇ. ಬೆಲೆ 20 ಬೆಳ್ಳಿ ನಾಣ್ಯ. ಆ 37ನೆಯ ಅಧ್ಯಾಯದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಹೋತದ ರಕ್ತದಲ್ಲಿ ಅದ್ದಿದ ಯೋಸೇಫನ ಅಂಗಿಯನ್ನು ತಂದೆಯ ಮುಂದಿಟ್ಟು, ಗುರುತು ಸಿಗುತ್ತದೆಯೇ ನೋಡು ಎನ್ನುತ್ತಾರೆ ಮಕ್ಕಳು. ಮುಂದಿನ ಅಧ್ಯಾಯದಲ್ಲಿ ವಿಧವೆ ಸೊಸೆ ತಾಮಾರಳು ಬಸುರಿಯೆಂದು ತಿಳಿದು ಯೆಹೂದ ಅವಳನ್ನು ಸುಡಿಸಲು ಹೊರಟಾಗ, ಅವಳು ಅವನದೇ ಮುದ್ರೆ, ದಾರ, ಕೋಲನ್ನು ಕಳಿಸಿ ಅದೇ ಪ್ರಶ್ನೆ ಕೇಳುತ್ತಾಳೆ. ತಂದೆಗೆ ಒಡ್ಡಿದ ಪರೀಕ್ಷೆ ಮಗನಿಗೇ ತಿರುಗಿತು. ತನಗಿಂತ ಅವಳೇ ನೀತಿವಂತೆ ಎಂದು ಒಪ್ಪಿಕೊಳ್ಳುತ್ತಾನೆ. ಈ ಕೊಂಡಿಯನ್ನು ಯೆಹೂದಿ ರಬ್ಬಿಗಳು ಹಿಂದೆಯೇ ಕಂಡಿದ್ದರು. 1981ರಲ್ಲಿ ರಾಬರ್ಟ್ ಆಲ್ಟರ್ ಇದನ್ನೇ ಕಥನಕಲೆಯ ಕಣ್ಣಿನಿಂದ ವಿವರಿಸಿದರು. ಕೊನೆಗೆ 44ನೆಯ ಅಧ್ಯಾಯದಲ್ಲಿ, ಒಬ್ಬ ತಮ್ಮನನ್ನು ಮಾರಿದವನು ಇನ್ನೊಬ್ಬ ತಮ್ಮ ಬೆನ್ಯಾಮೀನನ ಬದಲು ತಾನೇ ದಾಸನಾಗಲು ಮುಂದೆ ಬರುತ್ತಾನೆ. ತಾಮಾರಳ ಮಗ ಪೆರೆಚನ ಸಂತತಿಯಲ್ಲೇ ದಾವೀದ ಹುಟ್ಟಿದನೆಂದು ರೂತಳ ಗ್ರಂಥ ಹೇಳುತ್ತದೆ.

ಜೈನ ಪುರಾಣದಲ್ಲಿ ಹಗೆಯನ್ನು ಸವೆಸುವುದು ಕರ್ಮಕ್ಷಯ, ಮುಂದೆ ಪಾರ್ಶ್ವನಾಥನಾಗುವ ಮರುಭೂತಿಯ ಜೀವದ ತಾಳ್ಮೆ. ಆದಿಕಾಂಡದಲ್ಲಿ ಮಾತು ಕೊಟ್ಟ ದೇವರು ತಪ್ಪಿತಸ್ಥರ ಮನೆಯನ್ನು ಬಿಟ್ಟು ಹೋಗುವುದಿಲ್ಲ. ಎರಡರ ತತ್ತ್ವ ಬೇರೆ. ಎರಡೂ ಮನೆಯ ಕೇಡನ್ನು ಮುಚ್ಚಿಡುವುದಿಲ್ಲ.

ಆದರೆ ಯೆಹೂದನ ಮುತ್ತಜ್ಜ ಅಬ್ರಹಾಮನ ಮನೆಯ ದಾಸಿ ಹಾಗರಳನ್ನು ಮರೆತು ಈ ಮಾತಾಡಿದರೆ ಅನ್ಯಾಯವಾಗುತ್ತದೆ. ಫಿಲಿಸ್ ಟ್ರಿಬಲ್ 1984ರಲ್ಲಿ ಅವಳ ಕಥೆಯನ್ನು ಬೈಬಲಿನ ಭಯಾನಕ ಪಠ್ಯಗಳ ಸಾಲಿಗೆ ಸೇರಿಸಿದ್ದು ಸರಿಯೇ. ದೇವರ ವಾಗ್ದಾನ ಪಡೆದ ಮನೆಯೇ ಆ ದಾಸಿಯನ್ನು ರೊಟ್ಟಿ, ಒಂದು ತಿತ್ತಿ ನೀರು ಕೊಟ್ಟು ಅಡವಿಗೆ ಅಟ್ಟಿತು. ನೀರು ಮುಗಿದಾಗ ಅವಳ ಮಗ ಇಷ್ಮಾಯೇಲನ ಅಳು ದೇವರಿಗೆ ಕೇಳಿಸಿತು. 25ನೆಯ ಅಧ್ಯಾಯದಲ್ಲಿ ಇಸಾಕ, ಇಷ್ಮಾಯೇಲ ಇಬ್ಬರೂ ಸೇರಿ ತಂದೆ ಅಬ್ರಹಾಮನನ್ನು ಮಣ್ಣು ಮಾಡುತ್ತಾರೆ. ಇಸಾಕನ ಮಕ್ಕಳ ಚರಿತ್ರೆಗೆ ಮೊದಲೇ ಇಷ್ಮಾಯೇಲನ 12 ಮಕ್ಕಳ ಹೆಸರುಗಳು ದಾಖಲಾಗಿವೆ.