ಸಂತ ಗ್ರೆಗೊರಿ ಕಂಡ ಮನುಷ್ಯ ಸ್ವಭಾವಗಳು

ಕೋಪದಿಂದ ಕುದಿಯುವವನನ್ನು ಕಂಡು ‘ಅವನಿಗೆ ಪಿತ್ತ ನೆತ್ತಿಗೇರಿದೆ’ ಎನ್ನುತ್ತೇವೆ. ಈ ಮಾತಿನ ಹಿಂದೆ ಬಹು ಹಳೆಯದಾದ ಒಂದು ವೈದ್ಯಶಾಸ್ತ್ರವಿದೆ. ನಮ್ಮ ಆಯುರ್ವೇದವು ವಾತ, ಪಿತ್ತ, ಕಫಗಳ ಮೂಲಕ ಮನುಷ್ಯನ ಪ್ರಕೃತಿಯನ್ನು ವಿವರಿಸಿದಂತೆಯೇ ಗ್ರೀಕ್ ವೈದ್ಯರೂ ವಿವರಿಸಿದರು. ಹಿಪೊಕ್ರೆಟಿಸನ ಪರಂಪರೆಯವರು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳ ಸಮತೋಲನವೇ ಆರೋಗ್ಯವೆಂದು ಬಗೆದರು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗೆಲೆನ್ ಎಂಬ ವೈದ್ಯನು ಈ ವಿಚಾರವನ್ನು ವಿಸ್ತರಿಸಿದನು. ಪ್ರಕಟನಾ ಗ್ರಂಥದ ಏಳು ಸಭೆಗಳಲ್ಲಿ ಒಂದಿದ್ದ ಪೆರ್ಗಮವೇ ಅವನ ಹುಟ್ಟೂರು. ಅವನ ಅನಂತರದವರು ನಾಲ್ಕು ದ್ರವಗಳಿಂದ ನಾಲ್ಕು ಬಗೆಯ ಮನುಷ್ಯರನ್ನೇ ರೂಪಿಸಿದರು: ಉಲ್ಲಾಸಿ, ನಿಧಾನಿ, ಮುಂಗೋಪಿ, ವಿಷಾದಶೀಲ. ಯುರೋಪು ಸಾವಿರಕ್ಕೂ ಹೆಚ್ಚು ವರ್ಷ ಇದನ್ನು ನಂಬಿತು.

ಆದರೆ ಮನುಷ್ಯರನ್ನು ವಿಂಗಡಿಸುವ ಕೆಲಸವನ್ನು ವೈದ್ಯರು ಮಾತ್ರವೇ ಮಾಡಲಿಲ್ಲ, ಕುರಿಗಾಹಿಗಳೂ ಮಾಡಿದರು. ಕ್ರಿ.ಶ. 590ರಲ್ಲಿ ರೋಮ್ ನಗರವು ಪ್ರವಾಹ ಹಾಗೂ ಪ್ಲೇಗಿನಿಂದ ತತ್ತರಿಸುತ್ತಿತ್ತು. ಆ ಪ್ಲೇಗಿಗೆ ಜಗದ್ಗುರು ಎರಡನೇ ಪೆಲಾಜಿಯುಸರೇ ಬಲಿಯಾದರು. ತಮ್ಮ ಮನೆಯನ್ನೇ ಮಠವನ್ನಾಗಿಸಿ ಸನ್ಯಾಸಿಯಾಗಿದ್ದ ಗ್ರೆಗೊರಿಯವರನ್ನು ಜನರು ಆ ಪೀಠಕ್ಕೆ ಆರಿಸಿದರು. ಅವರು ಈ ಭಾರದಿಂದ ತಪ್ಪಿಸಿಕೊಳ್ಳಲು ಯತ್ನಿಸಿದ್ದನ್ನು ಯೋವಾನ್ನ ಎಂಬ ಧರ್ಮಾಧ್ಯಕ್ಷರು ಸ್ನೇಹದಿಂದಲೇ ಆಕ್ಷೇಪಿಸಿದರು. ಅವರಿಗೆ ಉತ್ತರವಾಗಿ ಹುಟ್ಟಿದ ಗ್ರಂಥವೇ ‘ಪಾಲನಾ ನಿಯಮ’. ಮುಂದೆ ಒಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ಆಲ್ಫ್ರೆಡನು ಅದನ್ನು ತನ್ನ ಜನರ ಭಾಷೆಗೆ ತಂದನು.

ಈ ಗ್ರಂಥದ ಮೂರನೆಯ ಭಾಗವನ್ನು ಓದಿದವರಿಗೆ ಆಶ್ಚರ್ಯವಾಗದಿರದು. ಉಪದೇಶ ಕೇಳಲು ಬರುವವರನ್ನು ಗ್ರೆಗೊರಿಯವರು 30ಕ್ಕೂ ಹೆಚ್ಚು ಜೋಡಿಗಳಾಗಿ ವಿಂಗಡಿಸುತ್ತಾರೆ: ಬಡವರು ಮತ್ತು ಸಿರಿವಂತರು, ಸಂತೋಷಶೀಲರು ಮತ್ತು ದುಃಖಶೀಲರು, ಮೌನಿಗಳು ಮತ್ತು ವಾಚಾಳಿಗಳು, ಸೋಮಾರಿಗಳು ಮತ್ತು ದುಡುಕಿನವರು, ಸೌಮ್ಯರು ಮತ್ತು ಕೋಪಿಷ್ಠರು. ಒಬ್ಬನ ರೋಗವನ್ನು ಶಮನಗೊಳಿಸುವ ಮದ್ದು ಮತ್ತೊಬ್ಬನ ರೋಗವನ್ನು ಕೆರಳಿಸಬಲ್ಲದು. ಆದುದರಿಂದ ಎಲ್ಲರಿಗೂ ಒಂದೇ ಉಪದೇಶ ಸಲ್ಲದು ಎಂಬುದು ಅವರ ವಾದ. ಸಂತ ಪೌಲರು ತೀತನಿಗೆ ಪೂರ್ಣ ಅಧಿಕಾರದಿಂದ ಖಂಡಿಸಲು ಹೇಳಿದರೆ, ತಿಮೊಥೇಯನಿಗೆ ತಾಳ್ಮೆಯಿಂದ ಖಂಡಿಸಲು ಹೇಳಿದರು. ತೀತನು ಸ್ವಭಾವತಃ ಮೃದು, ತಿಮೊಥೇಯನು ತುಸು ಬಿಸಿ. ಅದಕ್ಕೇ ಈ ವ್ಯತ್ಯಾಸವೆಂದು ಗ್ರೆಗೊರಿಯವರು ವಿವರಿಸುತ್ತಾರೆ.

ಮೌನಿಗಳ ಕುರಿತಾದ ಅಧ್ಯಾಯ ನನಗೆ ವಿಶೇಷವಾಗಿ ಪ್ರಿಯ. ನಾಲಿಗೆಯ ಪಾಪಕ್ಕೆ ಅಂಜಿ ಅತಿಯಾಗಿ ಬಾಯಿ ಬಿಗಿಹಿಡಿದವನು ಹೃದಯದೊಳಗೆ ವಾಚಾಳಿಯಾಗುತ್ತಾನೆ. ಹೇಳದೆ ಉಳಿದ ನೋವು ಒಳಗೇ ಕುದಿದು ಹೆಚ್ಚುತ್ತದೆ ಎನ್ನುತ್ತಾರೆ ಅವರು. ವಾಚಾಳಿಗೋ ನೀರಿನ ಉಪಮೆ: ಕಟ್ಟಿ ನಿಲ್ಲಿಸಿದರೆ ಮೇಲೇರುವ ನೀರು, ಬಿಟ್ಟರೆ ತಗ್ಗಿಗೆ ಹರಿದು ಪೋಲಾಗುತ್ತದೆ. ಕೆಲವರು ಪರಿಸ್ಥಿತಿಯಿಂದಲ್ಲ, ಹುಟ್ಟುಗುಣದಿಂದಲೇ ಸಂತೋಷಿಗಳು ಅಥವಾ ದುಃಖಿಗಳು ಎಂಬುದನ್ನೂ ಅವರು ಬಲ್ಲರು. ಅದನ್ನು ಒಪ್ಪಿಕೊಂಡ ಮೇಲೂ ಅವರು ಅಲ್ಲಿಗೇ ಬಿಡುವುದಿಲ್ಲ; ಆಯಾ ಗುಣದ ಪಕ್ಕದಲ್ಲೇ ಹೊಂಚುಹಾಕುವ ದೋಷ ಯಾವುದೆಂದು ತೋರಿಸಿ, ಎಚ್ಚರವಾಗಿರಲು ಹೇಳುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆ ಬೇರೊಂದು ದಾರಿ ಹಿಡಿಯಿತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ‘ಅಂತರ್ಮುಖಿ’, ‘ಬಹಿರ್ಮುಖಿ’ ಎಂಬ ಪದಗಳು ಲೋಕಕ್ಕೆಲ್ಲ ಪರಿಚಿತವಾದವು. ಅದನ್ನು ಆಧರಿಸಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಹಾಗೂ ಅವರ ಮಗಳು ಇಸಬೆಲ್ ಮೈಯರ್ಸ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಪ್ರಶ್ನಾವಳಿಯನ್ನು ರಚಿಸಿ, ಮನುಷ್ಯರನ್ನು 16 ಬಗೆಗಳಲ್ಲಿ ಹಂಚಿದರು. ಇಬ್ಬರೂ ಮನಶ್ಶಾಸ್ತ್ರವನ್ನು ವಿಧಿವತ್ತಾಗಿ ಕಲಿತವರಲ್ಲ. ಕೆಲವೇ ವಾರಗಳ ಬಳಿಕ ಅದೇ ಪ್ರಶ್ನೆಗಳಿಗೆ ಉತ್ತರಿಸಿದ ಅನೇಕರು ಬೇರೊಂದು ಬಗೆಗೆ ಸೇರಿದ್ದನ್ನು ಸಂಶೋಧಕರು ಕಂಡಿದ್ದಾರೆ. ಕಾರಣ ಸರಳ: ಬಹುಪಾಲು ಜನರು ಎರಡು ತುದಿಗಳ ನಡುವೆ ಎಲ್ಲೋ ಇರುತ್ತಾರೆ. ನಡುವೆ ಗೆರೆ ಎಳೆದು ‘ನೀನು ಈ ಕಡೆ, ನೀನು ಆ ಕಡೆ’ ಎಂದರೆ ಅಕ್ಕಪಕ್ಕದಲ್ಲಿದ್ದವರೂ ಬೇರೆಯಾಗುತ್ತಾರೆ. ಆದುದರಿಂದಲೇ ಇಂದಿನ ಮನಶ್ಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಗುಣಗಳನ್ನು ಪ್ರಮಾಣದಿಂದ ಅಳೆಯುತ್ತಾರೆಯೇ ಹೊರತು ಪೆಟ್ಟಿಗೆಗಳಲ್ಲಿ ತುಂಬುವುದಿಲ್ಲ. ನೋಡಿದೊಡನೆ ಜನರಿಗೆ ಚೀಟಿ ಅಂಟಿಸುವುದು ಮಕ್ಕಳಾಟವೆಂದು ಸ್ವತಃ ಯೂಂಗ್ 1934ರಲ್ಲೇ ಬೇಸರಿಸಿಕೊಂಡಿದ್ದರು.

ಚೀಟಿ ಅಂಟಿಸುವ ಈ ಅಭ್ಯಾಸ ನಮ್ಮ ಮನೆಗಳನ್ನೂ ಹೊಕ್ಕಿದೆ. ‘ನಾನು ಅಂತರ್ಮುಖಿ, ನನ್ನಿಂದ ಮಾತು ನಿರೀಕ್ಷಿಸಬೇಡ’ ಎಂದು ಪತಿ ಹೇಳಿದರೆ, ಪತ್ನಿಯ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಹತ್ತು ವರ್ಷದ ಮಗುವನ್ನು ‘ಇವನ ಸ್ವಭಾವವೇ ಇಷ್ಟು’ ಎಂದು ಬಂಧುಗಳ ಮುಂದೆ ವರ್ಣಿಸಿದರೆ, ಆ ಮಗು ಅದನ್ನು ನಂಬಿಯೇ ಬೆಳೆಯುತ್ತದೆ. ಗ್ರೆಗೊರಿಯವರಿಗೆ ಆ ಮೌನಿ ಪತಿಯೊಡನೆ ಮಾತು ಆರಂಭವಾಗುವುದೇ ಅವನು ಮೌನಿಯೆಂದು ತಿಳಿದ ಮೇಲೆ. ಮೌನಿಗೆ ಹೇಗೆ ಹೇಳಬೇಕೆಂಬುದಕ್ಕಾಗಿಯೇ ಅವರು ಒಂದು ಅಧ್ಯಾಯವನ್ನು ಬರೆದರು.

ಇಷ್ಟು ಜನರನ್ನು ವಿಂಗಡಿಸಿದ ಮೇಲೆ ಗ್ರಂಥಕ್ಕೆ ನಾಲ್ಕನೆಯ ಭಾಗವೊಂದಿದೆ. ಅದು ಬಹಳ ಚಿಕ್ಕದು. ಅಲ್ಲಿ ಉಪದೇಶಕನು ತನ್ನತ್ತಲೇ ತಿರುಗಿ ತನ್ನ ದೌರ್ಬಲ್ಯವನ್ನು ನೋಡಿಕೊಳ್ಳಬೇಕು. ಕುರೂಪಿಯಾದ ಚಿತ್ರಕಾರನಾಗಿದ್ದು ಸುಂದರ ಪುರುಷನ ಚಿತ್ರವನ್ನು ಬರೆದೆನೆಂದು ಗ್ರೆಗೊರಿಯವರು ಯೋವಾನ್ನರಲ್ಲಿ ಹೇಳಿಕೊಂಡು, ಇತರರಿಗೆ ದಡ ತೋರಿಸುತ್ತ ತಾವೇ ಅಲೆಗಳಲ್ಲಿ ತೊಳಲುತ್ತಿರುವ ತಮಗಾಗಿ ಪ್ರಾರ್ಥಿಸುವಂತೆ ಕೋರುತ್ತಾರೆ.